ಚಾಮುಂಡೇಶ್ವರಿ ಉಪಚುನಾವಣೆ: 257 ಮತಗಳ ಹಿಂದಿನ ಲೆಕ್ಕ

ಮೈಸೂರು: ಒಬ್ಬ ಅಭ್ಯರ್ಥಿ ಪಡೆದದ್ದು 1,15,512 ಮತ. ಎದುರಾಳಿ ಪಡೆದದ್ದು 1,15,255 ಮತ. ಅಂತರ ಕೇವಲ 257. 2006ರ ಡಿಸೆಂಬರ್‌ನಲ್ಲಿ ನಡೆದ ಚಾಮುಂಡೇಶ್ವರಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯ ಫಲಿತಾಂಶವಿದು. ಗೆದ್ದವರು ಕಾಂಗ್ರೆಸ್‌ನ ಸಿದ್ದರಾಮಯ್ಯ. ಸೋತವರು ಬಿಜೆಪಿ ಬೆಂಬಲದೊಂದಿಗೆ ಕಣಕ್ಕಿಳಿದಿದ್ದ ಜೆಡಿಎಸ್‌ನ ಶಿವಬಸಪ್ಪ. ಗೆದ್ದವರು ಮುಂದೆ ಎರಡು ಬಾರಿ ರಾಜ್ಯದ ಮುಖ್ಯಮಂತ್ರಿಯಾದರು. ಆ ದಿನ 129 ಮಂದಿ ಮತಯಂತ್ರದಲ್ಲಿ ಬೇರೊಂದು ಗುಂಡಿ ಒತ್ತಿದ್ದರೆ ಶಿವಬಸಪ್ಪ ಒಂದು ಮತದಿಂದ ಗೆಲ್ಲುತ್ತಿದ್ದರು.

ರಾಜ್ಯದಲ್ಲಿ ಎಲ್ಲಿಯೇ ಉಪಚುನಾವಣೆ ಘೋಷಣೆಯಾಗಲಿ, ಹಳೆ ಮೈಸೂರು ಭಾಗದ ಕಟ್ಟೆಪುರಾಣಗಳಲ್ಲಿ ಈ 257ರ ಪ್ರಸ್ತಾಪ ಬಾರದೇ ಇರದು. ಸರ್ಕಾರವನ್ನು ಉರುಳಿಸುವ ಅಥವಾ ಉಳಿಸುವ ಶಕ್ತಿಯಿಲ್ಲದ ಒಂದೇ ಒಂದು ಸ್ಥಾನಕ್ಕಾಗಿ ಇಡೀ ಆಡಳಿತ ಯಂತ್ರವೇ ಬೀದಿಗಿಳಿಯುವುದೇಕೆ? ಶಾಸಕರೊಬ್ಬರು ರಾಜೀನಾಮೆ ನೀಡಿ ಅದೇ ಸ್ಥಾನಕ್ಕೆ ಮತ್ತೆ ಸ್ಪರ್ಧಿಸುವುದೇಕೆ? ಸ್ಥಾನ ತೆರವಾದ ಮೇಲೆ ಎಷ್ಟು ದಿನದೊಳಗೆ ಮತದಾನ ನಡೆಯಬೇಕು? ಮತದಾರರನ್ನು ಕಾಡುವ ಈ ಪ್ರಶ್ನೆಗಳಿಗೆ ಚಾಮುಂಡೇಶ್ವರಿಯ ಪ್ರಕರಣದಲ್ಲಿಯೇ ಬಹುಪಾಲು ಉತ್ತರ ಅಡಗಿದೆ.

ಉಚ್ಚಾಟನೆಯಿಂದ ಉಪಚುನಾವಣೆವರೆಗೆ

2004ರ ವಿಧಾನಸಭಾ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ದೊರೆಯಲಿಲ್ಲ. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58 ಸ್ಥಾನ ಗಳಿಸಿದವು. ಕಾಂಗ್ರೆಸ್‌ನ ಧರ್ಮಸಿಂಗ್ ನೇತೃತ್ವದ ಸಮ್ಮಿಶ್ರ ಸರ್ಕಾರದಲ್ಲಿ ಜೆಡಿಎಸ್ ಪರವಾಗಿ ಉಪ ಮುಖ್ಯಮಂತ್ರಿಯಾದವರು ಸಿದ್ದರಾಮಯ್ಯ. ಅಲ್ಪಸಂಖ್ಯಾತ, ಹಿಂದುಳಿದ ವರ್ಗ ಹಾಗೂ ದಲಿತರ ಹೆಸರಿನ 'ಅಹಿಂದ' ಸಮಾವೇಶಗಳಲ್ಲಿ ಅವರು ಗುರುತಿಸಿಕೊಂಡದ್ದು ಪಕ್ಷದ ವರಿಷ್ಠ ಎಚ್.ಡಿ. ದೇವೇಗೌಡರೊಂದಿಗಿನ ವಿರಸವನ್ನು ಹೆಚ್ಚಿಸಿತು. 2005ರಲ್ಲಿ ಸಚಿವ ಸ್ಥಾನ ಹೋಯಿತು, ಪಕ್ಷದಿಂದಲೂ ಉಚ್ಚಾಟನೆಯಾಯಿತು. 2006ರ ಫೆಬ್ರುವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಬಿಜೆಪಿಯೊಂದಿಗೆ ಕೈಜೋಡಿಸಿ ಮುಖ್ಯಮಂತ್ರಿಯಾದರು, ಬಿ.ಎಸ್. ಯಡಿಯೂರಪ್ಪ ಉಪ ಮುಖ್ಯಮಂತ್ರಿಯಾದರು. ಅದೇ ವರ್ಷ ಸಿದ್ದರಾಮಯ್ಯ ಕಾಂಗ್ರೆಸ್ ಸೇರಿದರು.

ಪಕ್ಷವೇ ಹೊರಹಾಕಿದ ಮೇಲೆ ಶಾಸಕರು ತಮಗಿಷ್ಟ ಬಂದ ಪಕ್ಷ ಸೇರಲು ಅಡ್ಡಿಯೇನು ಎಂದು ಸಾಮಾನ್ಯರು ಕೇಳುವುದು ಸಹಜ. ಅಡ್ಡಿ ಇದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ಯಾವ ಪಕ್ಷದ ಚಿಹ್ನೆಯ ಮೇಲೆ ಗೆದ್ದರೋ ಆ ಪಕ್ಷದ ಸದಸ್ಯತ್ವವನ್ನು ಸ್ವ ಇಚ್ಛೆಯಿಂದ ತ್ಯಜಿಸಿದ ಶಾಸಕ ಅನರ್ಹನಾಗುತ್ತಾನೆ. ಉಚ್ಚಾಟಿತನಾದವನೂ ಕಾನೂನಿನ ಕಣ್ಣಲ್ಲಿ ಮೂಲ ಪಕ್ಷಕ್ಕೇ ಸೇರಿದವನು. ಆತ ಬೇರೆ ಪಕ್ಷ ಸೇರಿದರೆ ಮೂಲ ಪಕ್ಷವನ್ನು ತಾನಾಗಿಯೇ ತೊರೆದಂತೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ತೀರ್ಪಿತ್ತಿದೆ. ಹೊರಗೆ ದಬ್ಬಿದ ಮನೆಯ ಹೊಸ್ತಿಲಲ್ಲೇ ಕುಳಿತಿರಬೇಕಾದ ವಿಚಿತ್ರ ಸ್ಥಿತಿ ಇದು. ಇದರಿಂದ ಪಾರಾಗಲು ಉಳಿದಿರುವ ನೇರ ದಾರಿ ಒಂದೇ: ಶಾಸಕ ಸ್ಥಾನಕ್ಕೆ ರಾಜೀನಾಮೆ ನೀಡಿ, ಹೊಸ ಪಕ್ಷದ ಚಿಹ್ನೆಯೊಂದಿಗೆ ಮತದಾರರ ಮುಂದೆ ಹೋಗುವುದು. ಚಾಮುಂಡೇಶ್ವರಿಯಲ್ಲಿ ಆದದ್ದು ಇದೇ.

ಸ್ಥಾನ ತೆರವಾಗುವುದು ಹೇಗೆ?

ಸದಸ್ಯರ ನಿಧನ, ರಾಜೀನಾಮೆ, ಅನರ್ಹತೆ, ಆಯ್ಕೆ ಅಸಿಂಧುವೆಂಬ ನ್ಯಾಯಾಲಯದ ತೀರ್ಪು ಇವು ಸಾಮಾನ್ಯ ಕಾರಣಗಳು. ಎರಡು ಕ್ಷೇತ್ರಗಳಲ್ಲಿ ಗೆದ್ದವರು ಒಂದನ್ನು ಬಿಟ್ಟುಕೊಡಲೇಬೇಕು. ಹಿಂದೆ ಒಬ್ಬ ವ್ಯಕ್ತಿ ಎಷ್ಟು ಕ್ಷೇತ್ರಗಳಿಂದ ಬೇಕಾದರೂ ನಿಲ್ಲಬಹುದಿತ್ತು. 1996ರ ತಿದ್ದುಪಡಿ ಅದನ್ನು ಎರಡಕ್ಕೆ ಮಿತಿಗೊಳಿಸಿತು. 2018ರಲ್ಲಿ ಕುಮಾರಸ್ವಾಮಿಯವರು ರಾಮನಗರ, ಚನ್ನಪಟ್ಟಣ ಎರಡರಲ್ಲೂ ಗೆದ್ದು ರಾಮನಗರವನ್ನು ತೆರವು ಮಾಡಿದ್ದು ಇದಕ್ಕೆ ನಿದರ್ಶನ.

ರಾಜೀನಾಮೆ ಪತ್ರ ಬರೆದ ಮಾತ್ರಕ್ಕೆ ಸ್ಥಾನ ತೆರವಾಗುವುದಿಲ್ಲ. ಅದು ಸ್ವ ಇಚ್ಛೆಯದ್ದೇ, ನೈಜವೇ ಎಂಬುದು ಸ್ಪೀಕರ್‌ಗೆ ಮನವರಿಕೆಯಾಗಬೇಕು. ಒತ್ತಡ ಹೇರಿ ರಾಜೀನಾಮೆ ಪಡೆಯುವುದನ್ನು ತಡೆಯಲೆಂದು 1974ರಲ್ಲಿ ಸಂವಿಧಾನದ 190ನೇ ವಿಧಿಗೆ ಈ ಅಂಶವನ್ನು ಸೇರಿಸಲಾಯಿತು. ಅದೇ ಅವಕಾಶ ಮುಂದೆ ಬೇರೆ ಬಗೆಯ ಜಗ್ಗಾಟಕ್ಕೂ ಎಡೆಮಾಡಿಕೊಟ್ಟಿತು ಎಂಬುದನ್ನು 2019ರ ಬೆಳವಣಿಗೆಗಳು ತೋರಿಸಿಕೊಟ್ಟವು.

ತೆರವಾದ ದಿನದಿಂದ ಆರು ತಿಂಗಳೊಳಗೆ ಉಪಚುನಾವಣೆ ನಡೆಸಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ಹೇಳುತ್ತದೆ. ಇದಕ್ಕೆ ವಿನಾಯಿತಿ ಎರಡು. ತೆರವಾದ ಸ್ಥಾನದ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಉಪಚುನಾವಣೆ ಕಡ್ಡಾಯವಲ್ಲ. ಆರು ತಿಂಗಳೊಳಗೆ ನಡೆಸುವುದು ಕಷ್ಟಸಾಧ್ಯವೆಂದು ಚುನಾವಣಾ ಆಯೋಗವು ಕೇಂದ್ರ ಸರ್ಕಾರದೊಂದಿಗೆ ಸಮಾಲೋಚಿಸಿ ಪ್ರಮಾಣೀಕರಿಸಿದರೂ ಮುಂದೂಡಬಹುದು. ಒಂದು ವರ್ಷದ ಲೆಕ್ಕವನ್ನು ಮತದಾನದ ದಿನದಿಂದಲ್ಲ, ಸ್ಥಾನ ತೆರವಾದ ದಿನದಿಂದ ಹಿಡಿಯಲಾಗುತ್ತದೆ. ಶಿವಮೊಗ್ಗ, ಬಳ್ಳಾರಿ, ಮಂಡ್ಯ ಲೋಕಸಭಾ ಕ್ಷೇತ್ರಗಳಿಗೆ 2018ರ ನವೆಂಬರ್‌ನಲ್ಲಿ, ಅಂದರೆ ಸಾರ್ವತ್ರಿಕ ಚುನಾವಣೆ ಅರ್ಧ ವರ್ಷವೂ ದೂರವಿಲ್ಲದಾಗ, ಉಪಚುನಾವಣೆ ನಡೆದದ್ದು ಈ ಕಾರಣಕ್ಕೆ. ಅವು ತೆರವಾದದ್ದು ಮೇ ತಿಂಗಳಲ್ಲಿ. ಲೋಕಸಭೆಯ ಅವಧಿ ಮುಗಿಯಲು ಆಗ ವರ್ಷದ ಮೇಲೆ ಕೆಲವೇ ದಿನ ಬಾಕಿಯಿತ್ತು.

ಅಧಿಸೂಚನೆ ಹೊರಬಿದ್ದ ಮೇಲೆ ನಡೆಯುವುದೆಲ್ಲವೂ ಸಾರ್ವತ್ರಿಕ ಚುನಾವಣೆಯಂತೆಯೇ. ನಾಮಪತ್ರಕ್ಕೆ ಏಳು ದಿನ, ಮರುದಿನ ಪರಿಶೀಲನೆ, ಪರಿಶೀಲನೆಯಾದ ಎರಡನೇ ದಿನ ವಾಪಸಾತಿಗೆ ಕೊನೆ. ವಾಪಸಾತಿ ಗಡುವು ಮುಗಿದ ಬಳಿಕ ಮತದಾನಕ್ಕೆ ಕನಿಷ್ಠ ಹದಿನಾಲ್ಕು ದಿನ ಇರಬೇಕು. ಗಡುವು ಮುಗಿದ ಮೇಲೆ ಅಭ್ಯರ್ಥಿ ಮನಸ್ಸು ಬದಲಿಸಿದರೂ ಹೆಸರು ಮತಯಂತ್ರದಿಂದ ಅಳಿಯದು. ರಾಮನಗರದ 2018ರ ಉಪಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿ ಎಲ್. ಚಂದ್ರಶೇಖರ್ ಮತದಾನಕ್ಕೆ ಎರಡು ದಿನವಿರುವಾಗ ಕಾಂಗ್ರೆಸ್‌ಗೆ ಮರಳಿ ಮೈತ್ರಿ ಅಭ್ಯರ್ಥಿ ಅನಿತಾ ಕುಮಾರಸ್ವಾಮಿಯವರನ್ನು ಬೆಂಬಲಿಸಿದರು. ಆದರೂ ಕಮಲದ ಚಿಹ್ನೆಯ ಎದುರು ಅವರ ಹೆಸರು ಹಾಗೆಯೇ ಉಳಿದಿತ್ತು. ಅನಿತಾ ಒಂದು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು ಎಂಬುದರಲ್ಲಿ ಅಚ್ಚರಿಯೇನಿಲ್ಲ.

ಪ್ರತಿಷ್ಠೆಯ ಕಣ

ಚಾಮುಂಡೇಶ್ವರಿಯ ಒಂದು ಸ್ಥಾನ ಹೋದರೆ ಕುಮಾರಸ್ವಾಮಿ ಸರ್ಕಾರಕ್ಕೆ ಯಾವ ಧಕ್ಕೆಯೂ ಆಗುತ್ತಿರಲಿಲ್ಲ. ಪಣಕ್ಕಿದ್ದದ್ದು ಬೇರೆ. ದೇವೇಗೌಡರನ್ನು ಎದುರು ಹಾಕಿಕೊಂಡು ಹೊರಬಂದ ನಾಯಕರೊಬ್ಬರು ಹಳೆ ಮೈಸೂರಿನಲ್ಲಿ ರಾಜಕೀಯವಾಗಿ ಬದುಕಿ ಉಳಿಯಬಲ್ಲರೇ ಎಂಬುದು ಮೊದಲ ಪ್ರಶ್ನೆಯಾಗಿತ್ತು. ವಿಧಾನಸೌಧದ ಮೂರನೇ ಮಹಡಿಯಲ್ಲಿ ಆದ ಜೆಡಿಎಸ್-ಬಿಜೆಪಿ ದೋಸ್ತಿ ಹಳ್ಳಿಯ ಅರಳಿಕಟ್ಟೆಯಲ್ಲೂ ಕೂಡುತ್ತದೆಯೇ ಎಂಬುದು ಎರಡನೆಯದು. ಜೆಡಿಎಸ್‌ನ ಒಕ್ಕಲಿಗ ಬೆಂಬಲದ ಜೊತೆಗೆ ಬಿಜೆಪಿಯತ್ತ ವಾಲಿದ್ದ ಲಿಂಗಾಯತ ಮತಗಳೂ ಸೇರಿದರೆ ಗೆಲುವು ಖಚಿತ ಎಂಬ ಲೆಕ್ಕಾಚಾರದಲ್ಲಿಯೇ ಲಿಂಗಾಯತ ಸಮುದಾಯದ ಶಿವಬಸಪ್ಪ ಅವರನ್ನು ಕಣಕ್ಕಿಳಿಸಲಾಗಿತ್ತು. ಸಿದ್ದರಾಮಯ್ಯನವರ ಪಾಲಿಗಾದರೋ ಅಹಿಂದ ಎಂಬುದು ವೇದಿಕೆಯ ಘೋಷಣೆಯೋ ಅಥವಾ ಮತಪೆಟ್ಟಿಗೆಯಲ್ಲಿ ಬೀಳುವ ಬೆಂಬಲವೋ ಎಂಬುದು ತೀರ್ಮಾನವಾಗಬೇಕಿತ್ತು.

ಕ್ಷೇತ್ರದ ಸ್ವರೂಪವೂ ಇಲ್ಲಿ ಗಮನಾರ್ಹ. 1971ರ ಜನಗಣತಿಯ ಆಧಾರದ ಗಡಿಗಳೇ ಆಗಲೂ ಜಾರಿಯಲ್ಲಿದ್ದವು. ಮೂರು ದಶಕಗಳಲ್ಲಿ ಮೈಸೂರು ನಗರ ಹೊರಕ್ಕೆ ಚಾಚಿಕೊಂಡಂತೆ ನಗರವನ್ನು ಸುತ್ತುವರಿದ ಚಾಮುಂಡೇಶ್ವರಿಯ ಮತದಾರರ ಪಟ್ಟಿ ಉಬ್ಬುತ್ತಲೇ ಹೋಯಿತು. ಒಂದೆಡೆ ಹೊಸ ಬಡಾವಣೆಗಳು, ಇನ್ನೊಂದೆಡೆ ಅಪ್ಪಟ ಕೃಷಿಕರ ಹಳ್ಳಿಗಳು. ಇಬ್ಬರು ಅಭ್ಯರ್ಥಿಗಳೇ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಅಧಿಕ ಮತ ಹಂಚಿಕೊಂಡ ಕ್ಷೇತ್ರ ಅದು. ಇಂತಹ ಕ್ಷೇತ್ರದಲ್ಲಿ 257 ಮತವೆಂದರೆ ಸಾವಿರಕ್ಕೆ ಒಂದರ ಆಸುಪಾಸು. ಮುನ್ನೂರು ಮತಗಟ್ಟೆಗಳಿದ್ದವೆಂದು ಊಹಿಸಿಕೊಂಡರೂ ಮತಗಟ್ಟೆಗೊಂದು ಮತದಷ್ಟು ಅಂತರವೂ ಅಲ್ಲ.

1983ರಲ್ಲಿ ಇದೇ ಕ್ಷೇತ್ರದಿಂದ ಮೊದಲ ಬಾರಿಗೆ ವಿಧಾನಸಭೆ ಪ್ರವೇಶಿಸಿದ ಸಿದ್ದರಾಮಯ್ಯ, 1989ರಲ್ಲಿ ಮತ್ತು 1999ರಲ್ಲಿ ಇಲ್ಲಿಯೇ ಸೋಲುಂಡವರು. 2004ರಲ್ಲಿ ದೊಡ್ಡ ಅಂತರದಿಂದ ಗೆದ್ದಿದ್ದರು. ಎರಡೇ ವರ್ಷದಲ್ಲಿ ಅದೇ ಮತದಾರರ ಮುಂದೆ ಬೇರೆ ಚಿಹ್ನೆ ಹಿಡಿದು ನಿಲ್ಲಬೇಕಾಯಿತು. ದಶಕಗಳ ಕಾಲ ಕಾಂಗ್ರೆಸ್ ವಿರುದ್ಧ ಮತ ಕೇಳಿದವರು 'ಕೈ'ಗೆ ಮತ ಹಾಕಿ ಎಂದು ಮನೆಮನೆಗೆ ಹೋಗುವುದು ಸುಲಭದ ಕೆಲಸವಾಗಿರಲಿಲ್ಲ. ಸಾರ್ವತ್ರಿಕ ಚುನಾವಣೆಯಲ್ಲಿ ಪ್ರತಿ ನಾಯಕನಿಗೂ ತನ್ನ ಕ್ಷೇತ್ರದ ಚಿಂತೆ. ಉಪಚುನಾವಣೆಯಲ್ಲಿ ಎಲ್ಲರ ಕಣ್ಣೂ ಒಂದೇ ಕಡೆ. ಮುಖ್ಯಮಂತ್ರಿ, ಸಚಿವರು, ಶಾಸಕರು ಹೋಬಳಿಗಳನ್ನು ಹಂಚಿಕೊಂಡು ಠಿಕಾಣಿ ಹೂಡುತ್ತಾರೆ. ಊರಿನ ಯಜಮಾನರ ಮನೆಗೆ ಕಾರುಗಳು ಬರುತ್ತವೆ. ವರ್ಷಗಟ್ಟಲೆ ಕಡತದಲ್ಲಿದ್ದ ರಸ್ತೆಗೆ ಘೋಷಣೆಗೆ ಮೊದಲೇ ಜಲ್ಲಿ ಬೀಳುತ್ತದೆ. ಎದುರಾಳಿ ಪಕ್ಷ ಅಧಿಕಾರ ದುರುಪಯೋಗವೆಂದು ಆಯೋಗದ ಬಾಗಿಲು ತಟ್ಟುತ್ತದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ನಾಟಕದ ಅಂಕಗಳು ಬದಲಾಗುವುದಿಲ್ಲ, ಪಾತ್ರಧಾರಿಗಳಷ್ಟೇ ಬದಲಾಗುತ್ತಾರೆ.

ವೆಚ್ಚದ ವಿಚಾರವನ್ನೂ ಇಲ್ಲಿಯೇ ಹೇಳಬೇಕು. 2006ರಲ್ಲಿ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 10 ಲಕ್ಷ ರೂಪಾಯಿ. ಅದು 2011ರಲ್ಲಿ 16 ಲಕ್ಷ, 2014ರಲ್ಲಿ 28 ಲಕ್ಷ, 2022ರಲ್ಲಿ 40 ಲಕ್ಷಕ್ಕೆ ಏರಿತು. ಈ ಮಿತಿ ಅಭ್ಯರ್ಥಿಗೆ ಮಾತ್ರ. ಪಕ್ಷ ಮಾಡುವ ವೆಚ್ಚಕ್ಕೆ ಮಿತಿಯಿಲ್ಲ. ವಿಧಾನಸಭಾ ಚುನಾವಣೆ ನಡೆಸುವ ಸರ್ಕಾರಿ ಖರ್ಚು ರಾಜ್ಯದ ಬೊಕ್ಕಸದ್ದು. ಶಾಸಕರು ಸ್ವಂತ ಲೆಕ್ಕಾಚಾರಕ್ಕೆ ರಾಜೀನಾಮೆ ನೀಡಿದರೂ ಮತಗಟ್ಟೆಯ ಖರ್ಚು ತೆರಿಗೆದಾರರದ್ದೇ.

ಎಣಿಕೆಯ ಮೇಜಿನ ಮೇಲೆ

ಅಂತರ ಕಿರಿದಾದಾಗ ಮರುಎಣಿಕೆಯ ಕೂಗು ಏಳುವುದು ಸಾಮಾನ್ಯ. ಅಭ್ಯರ್ಥಿ ಅಥವಾ ಆತನ ಏಜೆಂಟರು ಕಾರಣ ಸಹಿತ ಲಿಖಿತ ಮನವಿ ಸಲ್ಲಿಸಬಹುದು. ಒಪ್ಪುವುದು, ಬಿಡುವುದು ಚುನಾವಣಾಧಿಕಾರಿಯ ವಿವೇಚನೆ. ಅಂತರ ಕಡಿಮೆ ಎಂಬುದೊಂದೇ ಕಾರಣ ಸಾಲದು. 2006ರಲ್ಲಿ ಮತ ಖಾತ್ರಿ ಚೀಟಿಯ ಯಂತ್ರವಿರಲಿಲ್ಲ. 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿ ಬಂದದ್ದು 2013ರಲ್ಲಿ. ಯಂತ್ರ ತೋರಿಸಿದ ಸಂಖ್ಯೆಯನ್ನು ಏಜೆಂಟರು ಬರೆದುಕೊಂಡು ಕೂಡಿಸುವುದೇ ಆಗಿನ ಎಣಿಕೆ. ಮತಗಳು ಸಮವಾದರೆ ಚೀಟಿ ಎತ್ತಿ ತೀರ್ಮಾನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಫಲಿತಾಂಶವನ್ನು ಒಪ್ಪದವರು 45 ದಿನದೊಳಗೆ ಹೈಕೋರ್ಟ್‌ಗೆ ತಕರಾರು ಅರ್ಜಿ ಸಲ್ಲಿಸಬಹುದು.

257ಕ್ಕಿಂತ ಕಿರಿದಾದ ಅಂತರವನ್ನು ನೆರೆಯ ಚಾಮರಾಜನಗರ ಜಿಲ್ಲೆ ಅದಕ್ಕೂ ಎರಡು ವರ್ಷ ಮೊದಲೇ ಕಂಡಿತ್ತು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ 40,752 ಮತ ಪಡೆದರೆ ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಪಡೆದದ್ದು 40,751. ಒಂದೇ ಮತ! ಕೃಷ್ಣಮೂರ್ತಿ ಮತ್ತೆ ವಿಧಾನಸಭೆ ಪ್ರವೇಶಿಸಲು 2023ರವರೆಗೆ ಕಾಯಬೇಕಾಯಿತು.

ಬಿಕ್ಕಟ್ಟಿನಿಂದ ಬಂದ ಉಪಚುನಾವಣೆಗಳು

ಚಾಮುಂಡೇಶ್ವರಿಯಲ್ಲಿ ಒಬ್ಬ ನಾಯಕ ಪಕ್ಷಾಂತರ ಕಾಯ್ದೆಗೆ ಸಿಲುಕದಂತೆ ತುಳಿದ ಹಾದಿ ಮುಂದೆ ರಾಜಮಾರ್ಗವೇ ಆಯಿತು. 2008ರಲ್ಲಿ 110 ಸ್ಥಾನ ಗೆದ್ದ ಬಿಜೆಪಿಗೆ ಬಹುಮತಕ್ಕೆ ಮೂರು ಸ್ಥಾನದ ಕೊರತೆಯಿತ್ತು. ಕಾಂಗ್ರೆಸ್, ಜೆಡಿಎಸ್ ಶಾಸಕರು ಒಬ್ಬರಾದ ಮೇಲೊಬ್ಬರು ರಾಜೀನಾಮೆಯಿತ್ತು ಕಮಲದ ಚಿಹ್ನೆಯಡಿ ಮರಳಿ ಕಣಕ್ಕಿಳಿದರು. 'ಆಪರೇಷನ್ ಕಮಲ' ಎಂಬ ಪದ ಕನ್ನಡ ಪತ್ರಿಕೆಗಳ ನಿತ್ಯದ ಶಬ್ದವಾದದ್ದು ಆಗ. ಅದೇ ಡಿಸೆಂಬರ್‌ನಲ್ಲಿ ಎಂಟು ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ ಬಿಜೆಪಿ ಐದನ್ನು, ಜೆಡಿಎಸ್ ಮೂರನ್ನು ಗೆದ್ದವು. ಒಂದು ಸೂಕ್ಷ್ಮ ವ್ಯತ್ಯಾಸವನ್ನು ಮರೆಯಬಾರದು. 2006ರಲ್ಲಿ ರಾಜೀನಾಮೆ ನೀಡಿದವರು ಹೋದದ್ದು ವಿರೋಧ ಪಕ್ಷಕ್ಕೆ. 2008ರಲ್ಲಿ ಹೋದವರೆಲ್ಲ ನಡೆದದ್ದು ಅಧಿಕಾರದತ್ತ.

2019ರಲ್ಲಿ ಕಾಂಗ್ರೆಸ್-ಜೆಡಿಎಸ್ ಸರ್ಕಾರ ಬಿದ್ದಾಗ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂದೂ ಆದೇಶಿಸಿದರು. ಅದೇ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಸ್ಪರ್ಧೆಯ ಮೇಲಿನ ನಿರ್ಬಂಧವನ್ನು ತೆಗೆದುಹಾಕಿತು. 2003ರ 91ನೇ ತಿದ್ದುಪಡಿಯ ಪ್ರಕಾರ ಅನರ್ಹಗೊಂಡವರು ಮರು ಆಯ್ಕೆಯಾಗುವವರೆಗೆ ಸಚಿವರಾಗುವಂತಿಲ್ಲ. ಹೀಗಾಗಿ ಅವರಿಗೆ ಉಪಚುನಾವಣೆಯೇ ಸಂಪುಟದ ಬಾಗಿಲಾಯಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನ ನಡೆದು ಬಿಜೆಪಿ 12, ಕಾಂಗ್ರೆಸ್ 2, ಪಕ್ಷೇತರ ಅಭ್ಯರ್ಥಿ ಒಂದು ಸ್ಥಾನ ಗಳಿಸಿದರು.

ಉಳಿದ ಎರಡು ಕ್ಷೇತ್ರಗಳ ಕಥೆ ಇನ್ನಷ್ಟು ಮಹತ್ವದ್ದು. ರಾಜರಾಜೇಶ್ವರಿನಗರ ಮತ್ತು ಮಸ್ಕಿಯ 2018ರ ಫಲಿತಾಂಶದ ಮೇಲೆ ಹೈಕೋರ್ಟ್‌ನಲ್ಲಿ ತಕರಾರು ಅರ್ಜಿಗಳಿದ್ದವು. ಗೆದ್ದವರ ಬದಲು ಬೇರೊಬ್ಬರು ಆಯ್ಕೆಯಾದರೆಂದು ನ್ಯಾಯಾಲಯ ಘೋಷಿಸುವ ಸಾಧ್ಯತೆ ಇರುವಾಗ ಉಪಚುನಾವಣೆ ನಡೆಸಿದರೆ ಒಂದು ಸ್ಥಾನಕ್ಕೆ ಇಬ್ಬರಾಗುವ ಅಪಾಯವುಂಟು. ಹಾಗಾಗಿ ಆಯೋಗ ಕಾಯಿತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಮತದಾನ ನಡೆದದ್ದು 2021ರ ಏಪ್ರಿಲ್ 17ರಂದು. ಅಂದರೆ ಸುಮಾರು 21 ತಿಂಗಳು ಆ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. ಕೋವಿಡ್‌ನ ಮೊದಲ ಅಲೆ ಬಂದು ಹೋದದ್ದು ಈ ನಡುವೆಯೇ. ಕಾಯ್ದೆಯ ಆರು ತಿಂಗಳ ಗಡುವು ಹಳ್ಳಿಯ ಮತದಾರನಿಗೆ ಎಷ್ಟು ದೂರದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

2018ರಲ್ಲಿ ಮಸ್ಕಿಯಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲ ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಮಣಿಸಿದ್ದು 213 ಮತಗಳಿಂದ. ಉಪಚುನಾವಣೆಯಲ್ಲಿ ಇಬ್ಬರೂ ಪಕ್ಷ ಬದಲಿಸಿಕೊಂಡಿದ್ದರು. ಪಾಟೀಲರು ಬಿಜೆಪಿಗೆ, ತುರ್ವಿಹಾಳರು ಕಾಂಗ್ರೆಸ್‌ಗೆ. ಈ ಬಾರಿ ತುರ್ವಿಹಾಳ 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ರಾಜ್ಯದಲ್ಲಿ ಆಗ ಬಿಜೆಪಿಯದೇ ಸರ್ಕಾರವಿತ್ತು.

ದಿಕ್ಸೂಚಿಯೇ?

ಉಪಚುನಾವಣೆಯ ಫಲಿತಾಂಶ ಮುಂದಿನ ಚುನಾವಣೆಯ ದಿಕ್ಸೂಚಿ ಎಂದು ಗೆದ್ದವರು ಹೇಳುವುದು ವಾಡಿಕೆ. ಅಲ್ಲವೆಂದು ಸೋತವರು ಹೇಳುವುದೂ ವಾಡಿಕೆ. ಮೈಸೂರು ಭಾಗದ ಅನುಭವ ಸೋತವರ ಪರವಾಗಿದೆ. 2017ರ ಏಪ್ರಿಲ್‌ನಲ್ಲಿ ನಂಜನಗೂಡು ಹಾಗೂ ಗುಂಡ್ಲುಪೇಟೆ ಎರಡನ್ನೂ ಆಡಳಿತಾರೂಢ ಕಾಂಗ್ರೆಸ್ ಗೆದ್ದಿತು. ನಂಜನಗೂಡಿನಲ್ಲಿ ಸಚಿವ ಸ್ಥಾನ ಕಳೆದುಕೊಂಡು ಬಿಜೆಪಿ ಸೇರಿದ್ದ ಹಿರಿಯ ನಾಯಕ ವಿ. ಶ್ರೀನಿವಾಸ ಪ್ರಸಾದ್ ಅವರು ಕಳಲೆ ಕೇಶವಮೂರ್ತಿ ಎದುರು 21 ಸಾವಿರಕ್ಕೂ ಅಧಿಕ ಮತಗಳಿಂದ ಸೋತರು. ಗುಂಡ್ಲುಪೇಟೆಯಲ್ಲಿ ಸಚಿವ ಮಹದೇವಪ್ರಸಾದ್ ನಿಧನದಿಂದ ತೆರವಾದ ಸ್ಥಾನಕ್ಕೆ ಪತ್ನಿ ಗೀತಾ ಆಯ್ಕೆಯಾದರು. ಒಂದೇ ವರ್ಷ ಕಳೆದು 2018ರ ಮೇ ಬಂದಾಗ ಎರಡೂ ಕ್ಷೇತ್ರಗಳು ಬಿಜೆಪಿ ಪಾಲಾದವು. ಆಡಳಿತ ಪಕ್ಷವಿರುವಷ್ಟು ದಿನ ಕೆಲಸವಾಗಲಿ ಎಂದು ಯೋಚಿಸುವ ಮತದಾರ, ಸರ್ಕಾರವನ್ನೇ ಆರಿಸುವ ಸಂದರ್ಭದಲ್ಲಿ ಬೇರೆ ಲೆಕ್ಕ ಹಾಕುತ್ತಾನೆ. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಮೂರನ್ನೂ ಆಡಳಿತಾರೂಢ ಕಾಂಗ್ರೆಸ್ ಗೆದ್ದಾಗಲೂ ಇದೇ ಚರ್ಚೆ ನಡೆಯಿತು. ಚನ್ನಪಟ್ಟಣದಲ್ಲಿ ನಿಖಿಲ್ ಕುಮಾರಸ್ವಾಮಿಯವರನ್ನು ಸೋಲಿಸಿದ ಸಿ.ಪಿ. ಯೋಗೇಶ್ವರ್, ಚುನಾವಣೆ ಹೊಸ್ತಿಲಲ್ಲಿ ಬಿಜೆಪಿ ತೊರೆದು ಬಂದವರು.

ಈ ಹಿನ್ನೆಲೆಯಲ್ಲಿ ನೋಡಿದರೆ ಚಾಮುಂಡೇಶ್ವರಿಯ 2006ರ ಫಲಿತಾಂಶ ಅಪವಾದವೆನ್ನಬಹುದು. ಮುಖ್ಯಮಂತ್ರಿ, ಉಪ ಮುಖ್ಯಮಂತ್ರಿಗಳ ಎರಡು ಪಕ್ಷಗಳು ಒಂದಾಗಿ ನಿಂತರೂ ಸ್ಥಾನ ವಿರೋಧ ಪಕ್ಷಕ್ಕೆ ಹೋಯಿತು, ಕೂದಲೆಳೆಯ ಅಂತರದಲ್ಲಾದರೂ. ಗೆದ್ದ ಸ್ಥಾನ ಹೆಚ್ಚು ದಿನ ಬಾಳಲಿಲ್ಲ. 2007ರ ನವೆಂಬರ್‌ನಲ್ಲಿ ವಿಧಾನಸಭೆಯೇ ವಿಸರ್ಜನೆಯಾಯಿತು. 257 ಮತಗಳು ದೊರಕಿಸಿಕೊಟ್ಟ ಶಾಸಕತ್ವ ಒಂದು ವರ್ಷವನ್ನೂ ತುಂಬಲಿಲ್ಲ. ಆದರೆ ಕಾಂಗ್ರೆಸ್‌ನೊಳಗೆ ಸಿದ್ದರಾಮಯ್ಯನವರಿಗೆ ಕಾಲೂರಲು ಅಷ್ಟು ಸಾಕಾಯಿತು. ಸೋತಿದ್ದರೆ 2013ರಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ಅವರ ಹೆಸರು ಬರುತ್ತಿತ್ತೇ ಎಂಬುದು ಅನುಮಾನ. ಈ ಕ್ಷೇತ್ರ ತಮಗೆ ರಾಜಕೀಯ ಪುನರ್ಜನ್ಮ ನೀಡಿತೆಂದು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ.

2008ರ ಚುನಾವಣೆ ವೇಳೆಗೆ ಹೊಸ ಕ್ಷೇತ್ರ ಮರುವಿಂಗಡಣೆ ಜಾರಿಗೆ ಬಂದು ವರುಣಾ ಕ್ಷೇತ್ರ ರಚನೆಯಾಯಿತು. ಸ್ವಗ್ರಾಮ ಸಿದ್ದರಾಮನಹುಂಡಿಯನ್ನು ಒಳಗೊಂಡ ಆ ಕ್ಷೇತ್ರಕ್ಕೆ ಅವರು ಸ್ಥಳಾಂತರಗೊಂಡರು. ಹತ್ತು ವರ್ಷಗಳ ತರುವಾಯ, 2018ರಲ್ಲಿ ಮುಖ್ಯಮಂತ್ರಿಯಾಗಿದ್ದುಕೊಂಡೇ ಅವರು ಚಾಮುಂಡೇಶ್ವರಿಗೆ ಮರಳಿ ಬಂದರು. ಮರುವಿಂಗಡಣೆಯ ಬಳಿಕ ಗಡಿಗಳು ಬದಲಾಗಿದ್ದವು. ಎದುರಿಗಿದ್ದವರು ಜೆಡಿಎಸ್‌ನ ಜಿ.ಟಿ. ದೇವೇಗೌಡ. ಫಲಿತಾಂಶ ಬಂದಾಗ ಮುಖ್ಯಮಂತ್ರಿ 36,042 ಮತಗಳಿಂದ ಸೋತಿದ್ದರು. ಕಾಯ್ದೆ ಅನುಮತಿಸುವ ಎರಡನೇ ಕ್ಷೇತ್ರವಾಗಿ ಅವರು ಆರಿಸಿಕೊಂಡಿದ್ದ ದೂರದ ಬಾದಾಮಿ 1,696 ಮತಗಳ ಅಂತರದಲ್ಲಿ ಅವರ ಕೈಹಿಡಿಯಿತು.